ಬಿಳಿ ಕಿವಿರಿನ ಮೀನು

‘ಮೈಯಲ್ಲಿ ರಕ್ತವೇ ಇಲ್ಲದ ಮೀನೊಂದು ಇದೆಯಂತೆ, ಪವಾಡವಂತೆ, ನಿಜವೇ?’ ಎಂದು ಓದುಗರೊಬ್ಬರು ಕೇಳಿದ್ದಾರೆ. ಮೀನು ಇರುವುದು ನಿಜ. ರಕ್ತವೂ ಇದೆ. ಇಲ್ಲದಿರುವುದು ಅದರ ಕೆಂಪು ಮಾತ್ರ.

ಅಂಟಾರ್ಕ್ಟಿಕದ ಸುತ್ತಲಿನ ಕಡಲಲ್ಲಿ ಬಾಳುವ ಐಸ್‌ಫಿಶ್ ಇದು. ಕಿವಿರು ಎತ್ತಿ ನೋಡಿ, ಕೆಂಪಗಿದ್ದರೆ ತಾಜಾ ಎಂದು ಮೀನು ಕೊಳ್ಳುತ್ತೇವಲ್ಲ, ಆ ಪರೀಕ್ಷೆಯಲ್ಲಿ ಈಗಷ್ಟೇ ಹಿಡಿದ ಐಸ್‌ಫಿಶ್ ಕೂಡ ನಪಾಸು. ಕಿವಿರು ಕೆನೆಬಣ್ಣ. ಸಿರಿಂಜಿಗೆ ಎಳೆದರೆ ಬರುವ ರಕ್ತ ತಿಳಿ ದ್ರವ. ತಿಮಿಂಗಿಲ ಬೇಟೆಗಾರರು ಇದರ ಸುದ್ದಿ ಹೇಳಿದಾಗ ನಾರ್ವೆಯ ವಿಜ್ಞಾನಿ ಯೋಹಾನ್ ರೂಡ್ ಮೊದಲು ನಂಬಿರಲಿಲ್ಲ. ಎಷ್ಟೋ ವರ್ಷದ ಮೇಲೆ ದಕ್ಷಿಣ ಜಾರ್ಜಿಯಾ ದ್ವೀಪಕ್ಕೆ ತಾವೇ ಹೋಗಿ ಪರೀಕ್ಷಿಸಿದರು. ಈ ರಕ್ತದಲ್ಲಿ ಆಮ್ಲಜನಕ ಹೊರುವ ಕೆಂಪು ವಸ್ತುವಾದ ಹಿಮೋಗ್ಲೋಬಿನ್ ಇಲ್ಲವೆಂದು 1954ರಲ್ಲಿ ‘ನೇಚರ್’ ಪತ್ರಿಕೆಯಲ್ಲಿ ಬರೆದರು.

ಪವಾಡದ ಮಾತು ಬಿಡಿ. ವಿಜ್ಞಾನ ಓದಿದವರೂ ಇಲ್ಲಿ ಎಡವುತ್ತಾರೆ. ‘ಚಳಿಗೆ ರಕ್ತ ಮಂದವಾಗದಿರಲೆಂದು ಪ್ರಕೃತಿ ಕೆಂಪು ಕಣಗಳನ್ನು ತೆಗೆದುಹಾಕಿದೆ, ಎಂಥ ಜಾಣತನ!’ ಎನ್ನುತ್ತಾರೆ. ಹಾಗಿದ್ದರೆ ಅದೇ ನೀರಲ್ಲಿ ಇದರ ದಾಯಾದಿ ಮೀನುಗಳು ಕೆಂಪು ರಕ್ತ ಇಟ್ಟುಕೊಂಡೇ ಸುಖವಾಗಿವೆಯಲ್ಲ? ನಡೆದದ್ದು ಜಾಣತನವಲ್ಲ, ನಷ್ಟ. ಹಿಮೋಗ್ಲೋಬಿನ್ ಕಟ್ಟುವ ಜೀನುಗಳು ಯಾವುದೋ ಕಾಲದಲ್ಲಿ ಕೆಟ್ಟು ಹೋದವು. ಅವುಗಳ ಮುರುಕು ತುಂಡು ಇನ್ನೂ ಇದರ ಡಿಎನ್‌ಎಯಲ್ಲಿ ಬಿದ್ದಿದೆ. ಬೆಚ್ಚಗಿನ ಕಡಲಾಗಿದ್ದರೆ ವಂಶವೇ ಅಳಿಯುತ್ತಿತ್ತು. ಆದರೆ ನೀರು ತಣ್ಣಗಾದಷ್ಟೂ ಅದರಲ್ಲಿ ಆಮ್ಲಜನಕ ಹೆಚ್ಚು ಕರಗುತ್ತದೆ. ಹಾಗೆ ಕರಗಿದ್ದನ್ನೇ ಹೀರಿಕೊಂಡು ಮೀನು ಬದುಕಿಕೊಂಡಿತು.

ಬಿಟ್ಟಿಯಾಗಿ ಅಲ್ಲ. ಕೆಂಪು ರಕ್ತದ ಮೀನು ಹೊರುವ ಆಮ್ಲಜನಕದ ಹತ್ತನೇ ಒಂದು ಪಾಲನ್ನೂ ಈ ರಕ್ತ ಹೊರಲಾರದು. ಆ ಕೊರತೆ ತುಂಬಲು ಮೈತುಂಬ ಹೆಚ್ಚು ರಕ್ತ, ಅಗಲವಾದ ನಾಳಗಳು, ಭಾರಿ ಗಾತ್ರದ ಹೃದಯ. ಮೀನು ಸುಮ್ಮನೆ ಬಿದ್ದುಕೊಂಡಿದ್ದಾಗಲೂ ಹೃದಯ ದುಡಿಯುತ್ತಲೇ ಇರಬೇಕು. ಕೆಲವು ಜಾತಿಗಳಂತೂ ಹೃದಯದ ಸ್ನಾಯುವಿಗೆ ಬಣ್ಣ ಕೊಡುವ ಮಯೋಗ್ಲೋಬಿನ್ನನ್ನೂ ಕಳೆದುಕೊಂಡಿವೆ. ಅವುಗಳ ಹೃದಯವೂ ಬಿಳಿಚಿಕೊಂಡಿದೆ.

ಮೈನಸ್ 1.9 ಡಿಗ್ರಿಯ ನೀರಲ್ಲಿ ಮೀನು ಹೆಪ್ಪುಗಟ್ಟದೆ ಇರುವುದಕ್ಕೆ ಕಾರಣ ಬೇರೆ. ರಕ್ತದಲ್ಲಿರುವ ವಿಶೇಷ ಪ್ರೋಟೀನುಗಳು ಹಿಮದ ಹರಳಿಗೆ ಅಂಟಿಕೊಂಡು ಅದನ್ನು ಬೆಳೆಯಗೊಡುವುದಿಲ್ಲ. ದಾಯಾದಿಗಳಲ್ಲೂ ಇವು ಇವೆ.

ಇಷ್ಟು ಕೇಳಿ ‘ಅಯ್ಯೋ ಪಾಪ’ ಎನ್ನಬೇಡಿ. 2021ರಲ್ಲಿ ಜರ್ಮನಿಯ ‘ಪೋಲಾರ್‌ಸ್ಟರ್ನ್’ ಹಡಗಿನ ವಿಜ್ಞಾನಿಗಳು ವೆಡೆಲ್ ಸಮುದ್ರದ ತಳಕ್ಕೆ ಕ್ಯಾಮೆರಾ ಇಳಿಬಿಟ್ಟರು. ಮುಕ್ಕಾಲು ಮೀಟರ್ ಅಗಲದ ದುಂಡನೆಯ ಗುಳಿಗಳು ಒಂದರ ಪಕ್ಕ ಒಂದು ಕಾಣತೊಡಗಿದವು. ಹೆಚ್ಚಿನವುಗಳ ನಡುವೆ ಸಾವಿರಕ್ಕೂ ಮಿಕ್ಕಿ ಮೊಟ್ಟೆ, ಕಾವಲಿಗೆ ಒಂದು ಐಸ್‌ಫಿಶ್. ಸುಮಾರು 240 ಚದರ ಕಿಲೋಮೀಟರಿನಲ್ಲಿ ಅಂದಾಜು ಆರು ಕೋಟಿ ಗೂಡುಗಳು! ಟ್ಯಾಗ್ ಕಟ್ಟಿದ ವೆಡೆಲ್ ಸೀಲ್‌ಗಳ ದಾಖಲೆ ತೆಗೆದು ನೋಡಿದರೆ, ಅವು ಮುಳುಗುತ್ತಿದ್ದುದು ಬಹುಪಾಲು ಇದೇ ಜಾಗದಲ್ಲಿ. ವಿಜ್ಞಾನಿಗಳಿಗೆ ಹೊಸದಾದ ಈ ಊರಿನ ವಿಳಾಸ ಸೀಲ್‌ಗಳಿಗೆ ಮೊದಲೇ ಗೊತ್ತಿತ್ತು.