ಕೇಳಿಸಿದ್ದೆಲ್ಲ ಹತ್ತಿರವಲ್ಲ

ಗುಂಡಿ ಒತ್ತಿ ಎಂಜಿನ್ ಶುರು ಮಾಡುವ ಕಾರಿನ ಕೀ ಜೇಬಿನಿಂದ ಹೊರಗೇ ಬರುವುದಿಲ್ಲ. ಬಾಗಿಲ ಹಿಡಿಕೆಗೆ ಕೈ ತಾಗುತ್ತಲೇ ಕಾರು ಸುಮಾರು 125 ಕಿಲೋಹರ್ಟ್ಜ್ ಆವರ್ತನದಲ್ಲಿ ಮೆಲ್ಲಗೆ ಕರೆಯುತ್ತದೆ; ಆ ಕರೆಯೊಂದಿಗೆ ಸಲಕ್ಕೊಂದರಂತೆ ಹೊಸದಾದ ಸಂಖ್ಯೆಯೊಂದನ್ನು ಸವಾಲಾಗಿ ಕಳಿಸುತ್ತದೆ. ಜೇಬಿನಲ್ಲಿ ತೂಕಡಿಸುತ್ತಿದ್ದ ಕೀ ಎಚ್ಚೆತ್ತು, ಆ ಸಂಖ್ಯೆಯನ್ನು ತನ್ನೊಳಗಿನ ಗುಟ್ಟಿನ ಸಂಖ್ಯೆಯೊಡನೆ ಬೆರೆಸಿ ಲೆಕ್ಕ ಮಾಡಿ, 433 ಮೆಗಾಹರ್ಟ್ಜ್ ಆಸುಪಾಸಿನಲ್ಲಿ ಉತ್ತರ ಕೊಡುತ್ತದೆ. ಕಾರೂ ಅದೇ ಲೆಕ್ಕ ಮಾಡಿರುತ್ತದೆ. ಎರಡೂ ತಾಳೆಯಾದರೆ ಬಾಗಿಲು ತೆರೆಯಿತು. ಉತ್ತರ ಹತ್ತಾರು ಮೀಟರ್ ಹೋಗುವಷ್ಟು ಗಟ್ಟಿಯಾಗಿದ್ದರೂ ಕರೆ ಮಾತ್ರ ಪಿಸುಮಾತು. ಆ ಕಾಂತಕ್ಷೇತ್ರ ದೂರದ ಘನಕ್ಕೆ ವಿಲೋಮವಾಗಿ ಕ್ಷೀಣಿಸುತ್ತದೆ, ಅಂದರೆ ದೂರ ಇಮ್ಮಡಿಯಾದರೆ ಬಲ ಎಂಟರಲ್ಲೊಂದು ಪಾಲು. ಹಾಗಾಗಿ ಒಂದೆರಡು ಮೀಟರ್ ಆಚೆ ಕೀಗೆ ಅದು ಕೇಳಿಸದು. ಎಂಜಿನಿಯರುಗಳು ಇದನ್ನೇ ಅಳತೆಗೋಲು ಮಾಡಿಕೊಂಡರು: ಕೀಗೆ ಕರೆ ಕೇಳಿಸಿದೆ, ಆದ್ದರಿಂದ ಕೀ ಹತ್ತಿರದಲ್ಲಿದೆ, ಆದ್ದರಿಂದ ಯಜಮಾನರೂ ಹತ್ತಿರದಲ್ಲಿದ್ದಾರೆ. ಈ ಎರಡು ‘ಆದ್ದರಿಂದ’ಗಳಲ್ಲಿ ಮೊದಲನೆಯದೇ ಪೊಳ್ಳು. ಇಂದಿನ ಕಾರುಗಳ್ಳತನದ ಒಂದು ದೊಡ್ಡ ದಾರಿ ಅಲ್ಲಿಂದಲೇ ಹಾದುಹೋಗುತ್ತದೆ ಎಂಬುದು ಈ ಲೇಖನದ ವಾದ.

ಗಣಿತಜ್ಞ ಜಾನ್ ಕಾನ್ವೇ ಹೆಸರಿಗೆ ಅಂಟಿಕೊಂಡ ಚದುರಂಗದ ಕಥೆಯೊಂದಿದೆ. ಆಟ ಸರಿಯಾಗಿ ಬಾರದ ಹುಡುಗಿ ಇಬ್ಬರು ಗ್ರ್ಯಾಂಡ್‌ಮಾಸ್ಟರುಗಳ ಜೊತೆ ಏಕಕಾಲಕ್ಕೆ ಅಂಚೆಯಲ್ಲಿ ಆಡುತ್ತಾಳೆ. ಒಬ್ಬನ ನಡೆಯನ್ನು ಇನ್ನೊಬ್ಬನಿಗೆ, ಅವನದನ್ನು ಇವನಿಗೆ ದಾಟಿಸುವುದಷ್ಟೇ ಅವಳ ಕೆಲಸ. ಇಬ್ಬರ ಕೈಯಲ್ಲೂ ಅವಳು ಸೋಲುವುದು ಸಾಧ್ಯವಿಲ್ಲ. ಕಾರುಗಳ್ಳರ ರಿಲೇ ಉಪಾಯವೂ ಇದೇ. ಒಬ್ಬ ಕಾರಿನ ಬಳಿ, ಇನ್ನೊಬ್ಬ ಮನೆಯ ಮುಂಬಾಗಿಲ ಬಳಿ. ಕಾರಿನ ಪಿಸುಮಾತನ್ನು ಒಬ್ಬನ ಪೆಟ್ಟಿಗೆ ಹಿಡಿಯುತ್ತದೆ, ಇನ್ನೊಬ್ಬನ ಪೆಟ್ಟಿಗೆ ಅದನ್ನೇ ಗಟ್ಟಿಯಾಗಿ ಮನೆಯೊಳಕ್ಕೆ ಹೇಳುತ್ತದೆ. ಬಾಗಿಲ ಪಕ್ಕದ ಮೊಳೆಗೆ ನೇತುಬಿದ್ದ ಕೀ, ಕಾರು ಎದುರಿಗೇ ಇದೆಯೆಂದು ನಂಬಿ ನಿಷ್ಠೆಯಿಂದ ಉತ್ತರಿಸುತ್ತದೆ. ಜ್ಯೂರಿಕ್‌ನ ಇಟಿಎಚ್ ವಿಶ್ವವಿದ್ಯಾಲಯದ ಮೂವರು ಸಂಶೋಧಕರು 2011ರಲ್ಲಿ 8 ತಯಾರಕರ 10 ಮಾದರಿಗಳ ಮೇಲೆ ಇದನ್ನು ಪರೀಕ್ಷಿಸಿದರು. ಕಾರಿನಿಂದ ಕೀ ಕಡೆಗೆ, ಹೀಗೆ ಒಂದೇ ದಿಕ್ಕಿನಲ್ಲಿ ಸಂಕೇತ ದಾಟಿಸಿದರೂ ಸಾಕಾಯಿತು. ನಡುವೆ 50 ಮೀಟರ್ ಅಂತರವಿದ್ದು, ಕಾರು ಕೀಗೆ ಕಾಣದಂತೆ ಮರೆಯಿದ್ದರೂ ಕೆಲಸ ನಡೆಯಿತು. ಇಲ್ಲಿ ಯಾರೂ ಏನನ್ನೂ ಮುರಿಯಲಿಲ್ಲ. ಅಸಲಿ ಕೀ, ಅಸಲಿ ಉತ್ತರ, ಅಸಲಿ ಕಾರು.

ಹಾಗಿದ್ದರೆ ಗೂಢಲಿಪಿಯನ್ನು ಇನ್ನಷ್ಟು ಬಿಗಿ ಮಾಡಬಾರದೇಕೆ ಎಂದು ಯಾರಿಗಾದರೂ ಅನಿಸುತ್ತದೆ. ಮಾಡಬೇಕು, ಅದಕ್ಕೆ ಬೇರೆಯದೇ ಕಾರಣವಿದೆ. ಟೆಕ್ಸಾಸ್ ಇನ್‌ಸ್ಟ್ರುಮೆಂಟ್ಸ್ ಕಂಪನಿಯ ಒಂದು ಹಳೆಯ ಕೀ-ಚಿಪ್ 40 ಬಿಟ್‌ಗಳ ಗುಟ್ಟನ್ನು ಬಳಸುತ್ತಿತ್ತು, ಅಂದರೆ ಸುಮಾರು 1.1 ಲಕ್ಷ ಕೋಟಿ ಸಾಧ್ಯತೆಗಳು. ಕೈಯಲ್ಲಿ ಒಂದೊಂದಾಗಿ ಹುಡುಕುವವನಿಗೆ ಅದು ಸಾಗರ, ಯಂತ್ರಕ್ಕೆ ಕೆರೆ. ಜಾನ್ಸ್ ಹಾಪ್ಕಿನ್ಸ್ ವಿಶ್ವವಿದ್ಯಾಲಯ ಮತ್ತು ಆರ್‌ಎಸ್‌ಎ ಪ್ರಯೋಗಾಲಯದವರು 2005ರಲ್ಲಿ ಅದನ್ನು ಭೇದಿಸಿದರು. ಆಶ್ಚರ್ಯವೆಂದರೆ ಅದೇ ಗೂಢಲಿಪಿ 2018ರಲ್ಲಿ ಟೆಸ್ಲಾ ಮಾಡೆಲ್ ಎಸ್ ಕೀಯಲ್ಲಿ ಪುನಃ ಕಾಣಿಸಿತು. ಬೆಲ್ಜಿಯಮ್ಮಿನ ಲ್ಯೂವೆನ್ ವಿಶ್ವವಿದ್ಯಾಲಯದವರು ಮೊದಲೇ ಲೆಕ್ಕಹಾಕಿಟ್ಟ ಕೋಷ್ಟಕದ ನೆರವಿನಿಂದ ಆ ಕೀಯ ನಕಲನ್ನು ಸೆಕೆಂಡುಗಳಲ್ಲಿ ತಯಾರಿಸಿ ತೋರಿಸಿದರು. ಅದರ ಬದಲಿಗೆ ಬಂದ 80 ಬಿಟ್‌ನ ಕೀ, 40ರ ಎರಡು ತುಂಡುಗಳಾಗಿ ಒಡೆಯುವಂಥದ್ದೆಂದು ಮಾರನೆಯ ವರ್ಷ ಅವರೇ ತೋರಿಸಿಕೊಟ್ಟರು. ಇಷ್ಟು ದುರ್ಬಲ ಗೂಢಲಿಪಿಗೆ ಸಬೂಬು ಇಲ್ಲ. ಆದರೆ ನಾಳೆಯೇ ಯಾರಿಂದಲೂ ಒಡೆಯಲಾಗದ ಗೂಢಲಿಪಿ ಬಂದರೂ ರಿಲೇ ಕಳ್ಳನಿಗೆ ಅದರ ಬಿಸಿ ತಟ್ಟುವುದಿಲ್ಲ. ಅಂಚೆಯಣ್ಣನಿಗೆ ಪತ್ರದ ಭಾಷೆ ಗೊತ್ತಿರಬೇಕಾಗಿಲ್ಲವಲ್ಲ.

ಇನ್ನೊಂದು ಆಕ್ಷೇಪ ಹಳಬರದು: ಈ ಎಲೆಕ್ಟ್ರಾನಿಕ್ಸ್ ಸಹವಾಸವೇ ಬೇಡ, ತಿರುಗಿಸುವ ಲೋಹದ ಕೀಯೇ ವಾಸಿ. ಪುರಾವೆ ಇದಕ್ಕೆ ತದ್ವಿರುದ್ಧ. ಕೀಯೊಳಗಿನ ಚಿಪ್ಪನ್ನು ಗುರುತಿಸದೆ ಎಂಜಿನ್ ಓಡಲು ಬಿಡದ ಇಮ್ಮೊಬಿಲೈಸರ್ ಐರೋಪ್ಯ ಒಕ್ಕೂಟದ ಹೊಸ ಕಾರುಗಳಿಗೆ 1998ರಲ್ಲಿ ಕಡ್ಡಾಯವಾಯಿತು. ನೆದರ್ಲೆಂಡ್ಸ್‌ನ ಅಂಕಿಗಳನ್ನು ಜಾಲಾಡಿದ ಅರ್ಥಶಾಸ್ತ್ರಜ್ಞರು, ಇದರಿಂದ ಕಾರುಗಳ್ಳತನ ಸುಮಾರು ಶೇ. 40ರಷ್ಟು ಇಳಿಯಿತೆಂದು ಲೆಕ್ಕಹಾಕಿದ್ದಾರೆ. ಅಮೆರಿಕದಲ್ಲಿ ಇಂಥ ಕಡ್ಡಾಯವಿರಲಿಲ್ಲ. ಅಲ್ಲಿ 2015ರ ಮಾದರಿಗಳನ್ನು ನೋಡಿದರೆ, ಉಳಿದ ತಯಾರಕರ ಶೇ. 96ರಷ್ಟು ಮಾದರಿಗಳಲ್ಲಿ ಇಮ್ಮೊಬಿಲೈಸರ್ ಇದ್ದೇ ಇತ್ತು. ಹ್ಯುಂಡೈ ಮತ್ತು ಕಿಯಾದಲ್ಲಿ ಶೇ. 26ರಲ್ಲಿ ಮಾತ್ರ. ಲೋಹದ ಕೀ ತಿರುಗಿಸುವ ಆ ಕಾರುಗಳನ್ನು ಹದಿಹರೆಯದ ಹುಡುಗರು ಯುಎಸ್‌ಬಿ ತಂತಿಯ ತುದಿಯಿಂದಲೇ ಚಾಲೂ ಮಾಡಿ, ಅದರ ವಿಡಿಯೊಗಳನ್ನು ಹರಿಬಿಟ್ಟರು. 2023ರಲ್ಲಿ ಎರಡೂ ಕಂಪನಿಗಳು ಸುಮಾರು 83 ಲಕ್ಷ ವಾಹನಗಳಿಗೆ ತಂತ್ರಾಂಶದ ತೇಪೆ ಹಚ್ಚಬೇಕಾಯಿತು. ಪಕ್ಕದ ಕೆನಡಾ 2007ರಿಂದಲೇ ಇಮ್ಮೊಬಿಲೈಸರ್ ಕಡ್ಡಾಯ ಮಾಡಿದ್ದರಿಂದ ಈ ಪಿಡುಗು ಅತ್ತ ಹಾಯಲಿಲ್ಲ. ಚಿಪ್ಪು ಕಳ್ಳರನ್ನು ತಡೆದಿದೆ. ಎಡವಟ್ಟಾದದ್ದು, ಕೀಯನ್ನು ಕೈಯಿಂದ ಬಿಡಿಸಿ ಗಾಳಿಗೆ ಕೊಟ್ಟ ನಂತರ.

ಸಮಸ್ಯೆ ದೂರದ್ದಾದರೆ ಪರಿಹಾರವೂ ದೂರವನ್ನು ನಿಜವಾಗಿ ಅಳೆಯುವುದರಲ್ಲೇ ಇರಬೇಕು. ಸಂಕೇತದ ಬಲವನ್ನು ಯಾರಾದರೂ ಹೆಚ್ಚಿಸಬಹುದು, ಅದರ ವೇಗವನ್ನು ಯಾರೂ ಹೆಚ್ಚಿಸಲಾರರು. ರೇಡಿಯೊ ತರಂಗ ಒಂದು ನ್ಯಾನೊಸೆಕೆಂಡಿನಲ್ಲಿ ಸುಮಾರು 30 ಸೆಂಟಿಮೀಟರ್ ಸಾಗುತ್ತದೆ. ಕೀ 10 ಮೀಟರ್ ದೂರದ ಕೋಣೆಯಲ್ಲಿದ್ದರೆ ಹೋಗಿ ಬರಲು ಸುಮಾರು 67 ನ್ಯಾನೊಸೆಕೆಂಡು ಬೇಕೇ ಬೇಕು. ಕಳ್ಳನ ಪೆಟ್ಟಿಗೆ ಅದಕ್ಕೆ ಇನ್ನಷ್ಟು ಸೇರಿಸೀತೇ ಹೊರತು ಕಳೆಯಲಾರದು. ಸ್ಟೀಫನ್ ಬ್ರಾಂಡ್ಸ್ ಮತ್ತು ಡೇವಿಡ್ ಚೌಮ್ ಈ ತತ್ತ್ವವನ್ನು 1993ರಲ್ಲೇ ಬರೆದಿಟ್ಟಿದ್ದರು. ಅತಿ ಗಿಡ್ಡ ಸ್ಪಂದನಗಳನ್ನು ಬಳಸುವ ಅಲ್ಟ್ರಾ ವೈಡ್‌ಬ್ಯಾಂಡ್ ಕೀಗಳು ಕಾರುಗಳಿಗೆ ಬರುವುದಕ್ಕೆ ಕಾಲು ಶತಮಾನ ಹಿಡಿಯಿತು. ಇದೂ ಕೊನೆಯ ಮಾತಲ್ಲ: 2022ರಲ್ಲಿ ಅದೇ ಜ್ಯೂರಿಕ್ ಸಂಸ್ಥೆಯ ಸಂಶೋಧಕರು ಮೊಬೈಲ್ ಫೋನುಗಳ ಇಂಥ ಅಳತೆಯನ್ನೂ ಆಗೊಮ್ಮೆ ಈಗೊಮ್ಮೆ ಮೋಸಗೊಳಿಸಿ, 12 ಮೀಟರನ್ನು ಸೊನ್ನೆಯೆಂದು ನಂಬಿಸಿದರು. ನೀನು ಚಾಪೆ ಕೆಳಗೆ ತೂರಿದರೆ ನಾನು ರಂಗೋಲಿ ಕೆಳಗೆ ಎನ್ನುವ ಆಟ ಇದು. ಆದರೂ ಸದಾ ಗೆಲ್ಲುವ ಉಪಾಯಕ್ಕೂ ಅಪರೂಪಕ್ಕೊಮ್ಮೆ ಗೆಲ್ಲುವ ಉಪಾಯಕ್ಕೂ ಅಜಗಜಾಂತರ.

ಕೀಯನ್ನು ಎಷ್ಟೇ ಭದ್ರ ಮಾಡಿದರೂ ಕಳ್ಳ ಅದನ್ನು ಮುಟ್ಟದೆಯೇ ಬರಬಹುದು ಎಂಬ ಮಾತೂ ನಿಜ. 2022ರಲ್ಲಿ ಲಂಡನ್ನಿನಲ್ಲಿ ಹೀಗೊಂದು ಟೊಯೋಟಾ ಕಾರು ಹೋಯಿತು. ಯಜಮಾನರೋ ಸ್ವತಃ ವಾಹನ ಭದ್ರತೆಯ ಸಂಶೋಧಕರು! ಮುಂದೀಪದ ಹಿಂದಿನ ತಂತಿಗಳಿಗೆ ಕೈ ಹಾಕಿ, ಕಾರಿನ ಒಳಜಾಲಕ್ಕೆ ‘ಅಸಲಿ ಕೀ ಬಂದಿದೆ’ ಎಂಬ ಸುಳ್ಳು ಸಂದೇಶ ತೂರಿಸುವ ಉಪಕರಣ ಕಳ್ಳರ ಪೇಟೆಯಲ್ಲಿ ಮಾರಾಟಕ್ಕಿತ್ತು ಎಂಬುದು ಆಮೇಲಿನ ತನಿಖೆಯಲ್ಲಿ ಹೊರಬಿತ್ತು. ಬಾಷ್ ಕಂಪನಿ 1986ರಲ್ಲಿ ಪರಿಚಯಿಸಿದ ಕ್ಯಾನ್ ಎಂಬ ಈ ಒಳಜಾಲದಲ್ಲಿ ಸಂದೇಶ ಕಳಿಸಿದವರು ಯಾರೆಂದು ಕೇಳುವ ಪದ್ಧತಿಯೇ ಇಲ್ಲ. ತಂತಿಯಲ್ಲಿ ಕೇಳಿಸಿದ್ದೆಲ್ಲ ಮನೆಯವರ ಮಾತು ಎಂಬುದು ಅದರ ಗ್ರಹಿಕೆ. ಇದು ನಮ್ಮ ವಾದಕ್ಕೆ ಅಪವಾದವಲ್ಲ, ಅದರ ಇನ್ನೊಂದು ರೂಪ: ಅಲ್ಲಿ ಕೇಳಿಸಿದ್ದು ಹತ್ತಿರವಾಯಿತು, ಇಲ್ಲಿ ಕೇಳಿಸಿದ್ದು ಒಳಗಿನದಾಯಿತು.

ಇದನ್ನೆಲ್ಲ ಸರಿಪಡಿಸಬೇಕಾದವರು ತಯಾರಕರು, ಕೊಂಡವರಲ್ಲ. ದುಡ್ಡು ಕೊಟ್ಟು ಪಡೆದ ಸೌಕರ್ಯವನ್ನು ಚೀಲದಲ್ಲಿ ಕಟ್ಟಿಡಿ ಎನ್ನುವುದು ತಮಾಷೆಯಾಗಿಯೇ ಕೇಳಿಸುತ್ತದೆ. ಆದರೂ ಕಾರು ರಾತ್ರಿಯೆಲ್ಲ ಬೀದಿಯಲ್ಲಿ ನಿಲ್ಲುವುದಾದರೆ ಕೆಲವು ಅಗ್ಗದ ಕೆಲಸಗಳಿಗೆ ಬೆಲೆಯಿದೆ. ಲೋಹದ ನೇಯ್ಗೆಯ ಚೀಲ ಅಥವಾ ಬಿಗಿ ಮುಚ್ಚಳದ ಸ್ಟೀಲ್ ಡಬ್ಬಿ ಕೀಯನ್ನು ಕಿವುಡು ಮಾಡುತ್ತದೆ. ಮಾಡಿತೋ ಇಲ್ಲವೋ ತಿಳಿಯಲು ಡಬ್ಬಿ ಹಿಡಿದು ಕಾರಿನ ಪಕ್ಕ ನಿಂತು ಹಿಡಿಕೆ ಎಳೆದು ನೋಡಿದರಾಯಿತು. ಕೆಲವು ಕೀಗಳು ಅಲುಗಾಡದೆ ಬಿದ್ದಿದ್ದರೆ ತಾವೇ ನಿದ್ದೆಗೆ ಜಾರುತ್ತವೆ, ಇನ್ನು ಕೆಲವು ಕಾರುಗಳಲ್ಲಿ ಕೀರಹಿತ ಪ್ರವೇಶವನ್ನೇ ಆಫ್ ಮಾಡಬಹುದು. ಕೈಪಿಡಿ ಓದದೆ ಇದು ಗೊತ್ತಾಗುವುದಿಲ್ಲ. ಸ್ಟಿಯರಿಂಗ್‌ಗೆ ಹಾಕುವ ಕಬ್ಬಿಣದ ಬೀಗವನ್ನು ಗರಗಸದಿಂದ ಕೊಯ್ಯಬಹುದೆಂದು ಮೂಗು ಮುರಿಯುವವರಿದ್ದಾರೆ. ಕೊಯ್ಯಬಹುದು, ಆದರೆ ಸದ್ದು ಮಾಡಿ, ಹೊತ್ತು ಕಳೆದು. ರಿಲೇ ಕಳ್ಳನ ಬಂಡವಾಳವೇ ನಿಶ್ಶಬ್ದ ಮತ್ತು ಅರೆನಿಮಿಷದ ವೇಗ. ಒಳಜಾಲಕ್ಕೆ ಸುಳ್ಳು ಹೇಳಿ ಬಂದವನಿಗೂ ಆ ಕಬ್ಬಿಣ ಕಿವಿಗೊಡುವುದಿಲ್ಲ. ಇನ್ನು ಬೀರುವಿನಲ್ಲಿ ಮರೆತುಬಿಟ್ಟ ಎರಡನೆಯ ಕೀ. ಅದೂ ಮೊದಲನೆಯದರಷ್ಟೇ ನಿಷ್ಠೆಯಿಂದ ಉತ್ತರ ಕೊಡುತ್ತದೆ, ಆದ್ದರಿಂದ ಅದಕ್ಕೂ ಡಬ್ಬಿ ಬೇಕು. ಹಳೆಯ ಕಾರು ಕೊಳ್ಳುವಾಗ ಎರಡೂ ಕೀ ಕೇಳಿ ಪಡೆಯಬೇಕು, ಒಂದು ಕಳೆದಿದೆ ಎಂದರೆ ಕಾರಿನ ನೆನಪಿನಿಂದ ಅದನ್ನು ಅಳಿಸಿಸಬೇಕು. ಕಾರು ಕಳುವಾಯಿತೆಂದು ಪರಿಹಾರಕ್ಕೆ ಹೋದಾಗ ನಮ್ಮ ವಿಮಾ ಕಂಪನಿಗಳು ಸಾಮಾನ್ಯವಾಗಿ ಕೇಳುವುದೂ ಆ ಎರಡು ಕೀಗಳನ್ನೇ.