ಬಿ.ಪಿ.ಗೆ ಮಾತ್ರೆಯೂ ಬೇಕು, ಉಸಿರಿನ ಅಭ್ಯಾಸವೂ ಬೇಕು

ನಮ್ಮ ಮನೆಗಳಲ್ಲಿ ಬಿ.ಪಿ. ಮಾತ್ರೆಯ ಡಬ್ಬಿಗೆ ಬರವಿಲ್ಲ. ಆದರೆ ಅದನ್ನು ಸರಿಯಾಗಿ ತಿನ್ನುವವರು ಕಡಿಮೆ. “ತಲೆನೋವಿಲ್ಲ, ತಲೆ ತಿರುಗುವುದೂ ಇಲ್ಲ, ಮತ್ತೆ ಮಾತ್ರೆ ಯಾಕೆ?” ಎಂದು ಉಮ್ಮ ಕೇಳುತ್ತಾರೆ. ಗಲ್ಫಿನಲ್ಲಿರುವ ಮಗ ಫೋನಿನಲ್ಲಿ ಎಷ್ಟು ಹೇಳಿದರೂ ಅಷ್ಟೇ. ಈಗಂತೂ ಮೊಬೈಲಿಗೆ ಬಂದ ವಿಡಿಯೋ ನೋಡಿ, ಉಸಿರಾಟದ ವ್ಯಾಯಾಮ ಮಾಡಿದರೆ ಸಾಕು ಎಂದು ಮಾತ್ರೆ ಬಿಡುವವರೂ ಇದ್ದಾರೆ.

ರಕ್ತದೊತ್ತಡ ಸದ್ದಿಲ್ಲದ ಕಾಯಿಲೆ. ಮತ್ತೆ ಮತ್ತೆ ನೋಡಿದಾಗಲೂ 140/90 ಅಥವಾ ಅದಕ್ಕಿಂತ ಹೆಚ್ಚಿದ್ದರೆ ಅದು ಬಿ.ಪಿ.ಯೇ. ನೋವಿಲ್ಲದಿದ್ದರೂ ಒಳಗೊಳಗೇ ಹೃದಯ, ಕಿಡ್ನಿ, ಮೆದುಳಿನ ನರಗಳಿಗೆ ಪೆಟ್ಟು ಬೀಳುತ್ತಿರುತ್ತದೆ. ಮಾತ್ರೆ ತಿಂದು 120/80 ಬಂದರೆ ಕಾಯಿಲೆ ಹೋಯಿತು ಅಂತಲ್ಲ, ಮಾತ್ರೆ ಕೆಲಸ ಮಾಡುತ್ತಿದೆ ಅಂತ ಅರ್ಥ. ಬಿಟ್ಟರೆ ಮತ್ತೆ ಏರುತ್ತದೆ. ಅಮ್ಲೋಡಿಪಿನ್ ತಿಂದು ಕಾಲು ಬಾತರೆ ನಾವಾಗಿಯೇ ನಿಲ್ಲಿಸಬಾರದು. ಡಾಕ್ಟರಿಗೆ ಹೇಳಿದರೆ ಬೇರೆ ಮಾತ್ರೆ ಕೊಡುತ್ತಾರೆ. ಗಂಟುನೋವಿಗೆಂದು ಮೆಡಿಕಲಿನಿಂದ ತಂದು ನುಂಗುವ ಕೆಲವು ನೋವಿನ ಮಾತ್ರೆಗಳೂ ಬಿ.ಪಿ. ಏರಿಸುತ್ತವೆ ಎಂಬುದು ನೆನಪಿರಲಿ.

ಹಾಗಾದರೆ ಉಸಿರಾಟದಿಂದ ಪ್ರಯೋಜನ ಇಲ್ಲವೇ? ಇದೆ. ನಿಧಾನವಾಗಿ ಉಸಿರಾಡಿದಾಗ ನರಗಳು ಶಾಂತವಾಗಿ, ರಕ್ತನಾಳಗಳು ಸ್ವಲ್ಪ ಸಡಿಲವಾಗುತ್ತವೆ. ಒತ್ತಡ ಒಂದಷ್ಟು ಇಳಿಯುತ್ತದೆ. ಸುಬಹಿ ನಮಾಝ್ ಮುಗಿಸಿ ಕೂತಲ್ಲೇ ಮಾಡಬಹುದು. ಬೆನ್ನು ನೇರವಿರಲಿ. ಮೂಗಿನಿಂದ ಐದು ಸೆಕೆಂಡು ಒಳಗೆ, ಐದು ಸೆಕೆಂಡು ಹೊರಗೆ. ನಿಮಿಷಕ್ಕೆ ಆರು ಉಸಿರು, ಹತ್ತು ನಿಮಿಷ. ಉಸಿರು ಬಿಗಿ ಹಿಡಿಯುವುದು ಬೇಡ, ತಲೆ ಹಗುರವಾದಂತೆ ಅನಿಸಿದರೆ ನಿಲ್ಲಿಸಿ. ಆದರೆ ಇದು ಮಾತ್ರೆಯ ಜೊತೆಗಾರ, ಮಾತ್ರೆಯ ಬದಲಿಗಲ್ಲ.

ಊಟದ ಕಡೆಯೂ ಗಮನ ಬೇಕು. ದಿನಕ್ಕೆ ಒಬ್ಬರಿಗೆ 5 ಗ್ರಾಂ, ಅಂದರೆ ಒಂದು ಟೀ ಚಮಚದೊಳಗೆ ಉಪ್ಪು ಎಂಬುದು ವಿಶ್ವ ಆರೋಗ್ಯ ಸಂಸ್ಥೆಯ ಮಾತು. ಗಂಜಿಗೆ ಒಣಮೀನು, ಉಪ್ಪಿನಕಾಯಿ, ಹಪ್ಪಳ ಮೂರೂ ಸೇರಿದರೆ ಒಂದೇ ಹೊತ್ತಿಗೆ ಲೆಕ್ಕ ಮೀರೀತು.

ರಂಝಾನಿನಲ್ಲಿ ಮಧ್ಯಾಹ್ನದ ಮಾತ್ರೆ ತಪ್ಪುತ್ತದೆಂದು ಪೂರಾ ಬಿಡುವವರಿದ್ದಾರೆ. ತಿಂಗಳ ಮೊದಲೇ ಡಾಕ್ಟರನ್ನು ಕೇಳಿ. ಹೆಚ್ಚಿನವರಿಗೆ ಸಮಯವನ್ನು ಇಫ್ತಾರಿಗೋ ಸಹರಿಗೋ ಬದಲಾಯಿಸಿ ಕೊಡುತ್ತಾರೆ. ಉಪವಾಸ ಬೇಡವೆಂದರೆ ಹಠ ಬೇಡ. ರೋಗಿಗೆ ಬೇರೆ ದಿನಗಳಲ್ಲಿ ತೀರಿಸುವ ರಿಯಾಯಿತಿ ಕುರ್‌ಆನಿನಲ್ಲೇ ಇದೆ.

ಬಿ.ಪಿ. ನೋಡಿಸುವ ಮೊದಲು ಐದು ನಿಮಿಷ ಸುಮ್ಮನೆ ಕೂರಿ. ಅರ್ಧ ಗಂಟೆ ಮೊದಲಿನಿಂದ ಚಾ, ಬೀಡಿ ಬೇಡ. ಸರಕಾರಿ ಪ್ರಾಥಮಿಕ ಆರೋಗ್ಯ ಕೇಂದ್ರದಲ್ಲಿ ತಪಾಸಣೆಗೆ ಖರ್ಚಿಲ್ಲ. ಮುಖ ಸೊಟ್ಟಗಾದರೆ, ಮಾತು ತೊದಲಿದರೆ, ಎದೆ ನೋವು ಬಂದರೆ ಉಸಿರಾಟದ ಅಭ್ಯಾಸ ಮಾಡುತ್ತಾ ಕೂರದೆ 108ಕ್ಕೆ ಕರೆ ಮಾಡಿ.

ಒಂಟೆಯನ್ನು ಮೊದಲು ಕಟ್ಟಿ, ಆಮೇಲೆ ಅಲ್ಲಾಹನ ಮೇಲೆ ಭರವಸೆ ಇಡಲು ಪ್ರವಾದಿಯವರು (ಸ.ಅ.) ಕಲಿಸಿದ್ದನ್ನು ನಾವು ಮದ್ರಸದ ಮಕ್ಕಳಿಗೆ ಹೇಳಿಕೊಡುತ್ತೇವೆ. ದಿನದ ಮಾತ್ರೆಯೂ ಆ ಹಗ್ಗವೇ. ದುಆ ಮಾಡೋಣ, ಮಾತ್ರೆಯನ್ನೂ ತಿನ್ನೋಣ.