ಕಾರಿಗೊಂದು ಜಾಗ ಹುಡುಕುತ್ತಾ

ನಿವೃತ್ತಿಯಾದಾಗ ಕೈಗೆ ಬಂದ ಹಣಕ್ಕೆ ಬ್ಯಾಂಕ್ ಸಾಲವನ್ನೂ ಸೇರಿಸಿ, ಬೆಂಗಳೂರಿನ ದಕ್ಷಿಣ ಭಾಗದ 40x60 ಅಡಿ ನಿವೇಶನದಲ್ಲಿದ್ದ ಆರು ಮನೆಗಳ ಕಟ್ಟಡವೊಂದನ್ನು ಕೊಂಡೆ. ಬಾಡಿಗೆಯೇ ಪಿಂಚಣಿಯಾದೀತು ಎಂಬುದು ನನ್ನ ಲೆಕ್ಕಾಚಾರವಾಗಿತ್ತು. ಖಾತೆ, ಕಂದಾಯ, ನೀರು, ವಿದ್ಯುತ್ ಎಲ್ಲವನ್ನೂ ವಿಚಾರಿಸಿದ್ದ ನಾನು ಕಾರುಗಳನ್ನು ಮಾತ್ರ ಎಣಿಸಿರಲಿಲ್ಲ.

ಕೆಳಗೆ ಕಂಬಗಳ ನಡುವೆ ನಿಲ್ಲುತ್ತಿದ್ದುದು ನಾಲ್ಕೇ ಕಾರು. ಉಳಿದೆರಡು ರಸ್ತೆಯ ಪಾಲು. ಎದುರು ಮನೆಯವರೊಂದಿಗೆ ಜಗಳ ನಿತ್ಯದ್ದಾಯಿತು. ಒಂದು ರಾತ್ರಿ ಮೇಲಿನ ಮಹಡಿಯ ಹಿರಿಯರೊಬ್ಬರಿಗೆ ಎದೆನೋವು ಕಾಣಿಸಿಕೊಂಡಿತು. ಆಂಬುಲೆನ್ಸ್ ಬೀದಿಯ ತಿರುವಿನಲ್ಲೇ ನಿಂತಿತು. ಅವರನ್ನು ಕುರ್ಚಿಯಲ್ಲಿ ಕೂರಿಸಿ ಅಲ್ಲಿಯವರೆಗೆ ಹೊತ್ತೊಯ್ದೆವು. ಪುಣ್ಯಕ್ಕೆ ಬದುಕಿ ಬಂದರು. ಆದರೆ ದಾರಿ ಕಟ್ಟಿದ್ದ ಕಾರುಗಳಲ್ಲಿ ಒಂದು ನಮ್ಮ ಕಟ್ಟಡದ್ದೇ.

ಮರುದಿನದಿಂದಲೇ ಹೆಚ್ಚುವರಿ ಜಾಗಕ್ಕಾಗಿ ಅಲೆದಾಟ. ಪಕ್ಕದ ಖಾಲಿ ನಿವೇಶನ 11 ತಿಂಗಳ ಕರಾರಿಗೆ ದೊರೆಯಿತು. ಅವಧಿ ಮುಗಿಯುತ್ತಿದ್ದಂತೆಯೇ ಅಲ್ಲಿ ಪಾಯ ತೋಡಿದರು. ಸಮೀಪದ ಅಪಾರ್ಟ್‌ಮೆಂಟ್‌ನ ಬಿಲ್ಡರ್ ಒಬ್ಬರು ಎರಡು ಪಾರ್ಕಿಂಗ್ ಜಾಗ ಮಾರುವುದಾಗಿ ಮುಂದೆ ಬಂದರು. ವಕೀಲ ಮಿತ್ರರು ತಡೆದರು. ಕಂಬಗಳಡಿಯ ನಿಲುಗಡೆ ಜಾಗವನ್ನು ಬಿಲ್ಡರ್ ಪ್ರತ್ಯೇಕ ಆಸ್ತಿಯಂತೆ ಮಾರುವಂತಿಲ್ಲ ಎಂದು ಮಹಾರಾಷ್ಟ್ರದ ಪ್ರಕರಣವೊಂದರಲ್ಲಿ ಸುಪ್ರೀಂ ಕೋರ್ಟ್ 2010ರಲ್ಲೇ ಹೇಳಿರುವುದನ್ನು ನೆನಪಿಸಿದರು.

ಕೊನೆಗೆ ನಮ್ಮ ಕಟ್ಟಡದ ಮಂಜೂರಾದ ನಕ್ಷೆಯನ್ನೇ ಬಿಡಿಸಿ ನೋಡಿದೆ. 2007ರ ಮಹಾಯೋಜನೆಯ ನಿಯಮಗಳು 50 ಚದರ ಮೀಟರ್ ಮೀರಿದ ಪ್ರತಿ ಮನೆಗೂ ಕನಿಷ್ಠ ಒಂದು ಕಾರಿನ ಜಾಗ ಕೇಳಿದ್ದವು. ನಕ್ಷೆಯಲ್ಲೂ ತಲಾ ಎರಡೂವರೆ ಮೀಟರ್ ಅಗಲ, ಐದೂವರೆ ಮೀಟರ್ ಉದ್ದದ ಆರು ಚೌಕಗಳಿದ್ದವು. ಎರಡರ ಜಾಗದಲ್ಲಿ ಹಿಂದಿನ ಮಾಲೀಕರು ಗೋಡೆ ಎಬ್ಬಿಸಿ ಅಂಗಡಿ ಮಾಡಿದ್ದರು. ಅದರಲ್ಲೊಬ್ಬ ಟೈಲರ್. ಅವರು ಕೊಡುತ್ತಿದ್ದ ಬಾಡಿಗೆಯನ್ನು ತಿಂಗಳು ತಿಂಗಳೂ ಎಣಿಸಿಕೊಂಡವನು ನಾನೇ!

ತಪ್ಪು ಟೈಲರ್‌ದಲ್ಲ. ಮುಂದಿನ ಬೀದಿಯಲ್ಲಿ ಅವರಿಗೊಂದು ಅಂಗಡಿ ಹುಡುಕಿ, ಮುಂಗಡ ಹಿಂದಿರುಗಿಸಿ, ಹೊಸ ಬಾಡಿಗೆಯ ವ್ಯತ್ಯಾಸವನ್ನು ಆರು ತಿಂಗಳು ನಾನೇ ಭರಿಸಿದೆ. ಗೋಡೆ ಒಡೆಸಿದೆ. ಮನೆಗೊಂದೇ ಕಾರು ಎಂಬ ಷರತ್ತನ್ನು ಕರಾರುಪತ್ರದಲ್ಲಿ ಸೇರಿಸಿದೆ. ಆದಾಯ ಕುಗ್ಗಿತು, ಸಾಲದ ಕಂತು ಕುಗ್ಗಲಿಲ್ಲ. ಆದರೂ ರಾತ್ರಿ ಬೀದಿಯತ್ತ ನೋಡಲು ಈಗ ಅಳುಕಿಲ್ಲ.

ರಸ್ತೆ ಕಿರಿದಾಯಿತೆಂದು ನಾವೆಲ್ಲರೂ ಪಾಲಿಕೆಯನ್ನು ದೂರುತ್ತೇವೆ. ಅದಕ್ಕೆ ಮೊದಲು ಕಟ್ಟಡದ ಮಾಲೀಕರು ಒಮ್ಮೆ ತಮ್ಮ ನಕ್ಷೆಯನ್ನು ಬಿಡಿಸಿ ನೋಡಬಾರದೇಕೆ?